ನೀರ ನಡುವಿನ ಅಂಗಡಿ

ಹಗಲು ಕೊಂಡೆಲೆಯ ಔಷಧದಂಗಡಿಯಲ್ಲಿ ಮಾತ್ರೆ ಎಣಿಸುತ್ತೇನೆ.
ರಾತ್ರಿ, ತಟ್ಟೆಯ ಉಗಾಲಿ ಆರುವಷ್ಟರಲ್ಲಿ,
ಭೂಪಟ ಗುಡಿಸುತ್ತೇನೆ.
ಸಂಬಳವಿಲ್ಲ. ಯಾರೂ ಕರೆದದ್ದೂ ಅಲ್ಲ.
ಕಿಸುಮುವಿನ ಬೋರ್‌ವೆಲ್ಲು, ಹೆರಿಗೆ ಆಸ್ಪತ್ರೆ,
ಜೋರು ಮಳೆಗೆ ಮುಳುಗುವ ಸೇತುವೆ
ಗುರುತಿಟ್ಟ ನೂರಾರು ಕೈಗಳಲ್ಲಿ
ನನ್ನವೂ ಎರಡು.

ಕೈ ಇದ್ದಲ್ಲಿ ಕೈಚಳಕವೂ ಇರುತ್ತದೆ.
ಒಂದೇ ರಾತ್ರಿ ನಮ್ಮೂರ ಸುತ್ತ
ನಾನ್ನೂರು ಬೀಗ ರಿಪೇರಿಯವರು ಹುಟ್ಟಿಕೊಂಡರು,
ಎಲ್ಲರದೂ ಒಂದೇ ಫೋನು.
ಪೊಲೀಸ್ ಠಾಣೆಯ ನೆತ್ತಿಯ ಮೇಲೆ ಐದು ನಿಮಿಷದ ಸಾಲ,
ಗೋರಿಗಳ ನಡುವೆ ತೂಕ ಇಳಿಸುವ ಚಹಾ,
ಶಾಲೆಯ ಆಟದ ಬಯಲಲ್ಲಿ
ಕ್ಯಾಸಿನೊ, ಮೊದಲ ಬಾಜಿ ಉಚಿತ.
ಅಳಿಸು. ಅಳಿಸು. ಅಳಿಸು.
ಕಿತ್ತಷ್ಟೂ ಚಿಗುರುವ ಗರಿಕೆ.

ನೆಕೆಸಾ ಅಂದರೆ ಸುಗ್ಗಿಯಲ್ಲಿ ಹುಟ್ಟಿದವಳು.
ಬುಂಗೋಮಾದಲ್ಲಿ ನಮ್ಮಜ್ಜಿ ರಾಗಿ ಕೇರುವಾಗ
ಮೊರ ಅವಳ ಮೊಣಕೈಯಿಂದಲೇ ಬೆಳೆದಂತಿತ್ತು.
ಜೊಳ್ಳು ಹಾರುತ್ತಿತ್ತು. ಜೊತೆಗೆ ಒಂದಷ್ಟು ಕಾಳೂ.
ಅಯ್ಯೋ ಎಂದರೆ,
ಅದಕ್ಕೇ ಅಲ್ಲವೇನೇ ಕೋಳಿ ಸಾಕಿರೋದು, ಅನ್ನುತ್ತಿದ್ದಳು.

ನಮ್ಮ ಮೊರಕ್ಕೆ ಮೊಣಕೈ ಇಲ್ಲ.
ಎಲ್ಡೊರೆಟ್‌ನ ಕಿಪ್ಲಿಮೊ ಬರೆದ ಲೆಕ್ಕ ಅದು:
ಬರೀ ದೊಡ್ಡಕ್ಷರವೇ? ಎರಡಂಕ.
ಫೋನ್ ನಂಬರೇ? ಮೂರು.
ಹೆಸರು ಮತ್ತೆ ಮತ್ತೆ ಕೂಗಿದ್ದರೆ, ಖಾತೆ ನಿನ್ನೆಯದಾಗಿದ್ದರೆ,
ಕಾಲ ಕೆಳಗೆ ನೆಲವೇ ಇಲ್ಲದಿದ್ದರೆ...
ಹತ್ತು ದಾಟಿದ್ದು ಕೆಂಪಾಗಿ ನನ್ನ ಮುಂದೆ ಬರುತ್ತದೆ,
ತಲೆಯಾಡಿಸಿದರೆ ಸಾಕು.
ಮೊದಮೊದಲು ಓದಿ ತಲೆಯಾಡಿಸುತ್ತಿದ್ದೆ.
ಆಮೇಲೆ ತಲೆಯಾಡಿಸಿ ಓದುತ್ತಿದ್ದೆ.
ಆಮೇಲೆ ಆಡಿಸುವುದಷ್ಟೇ ಉಳಿಯಿತು.

ಅದು ಬಂದದ್ದು ಒಂದು ಮಂಗಳವಾರ.
ಅಗೋಲಾ ಅಂಗಡಿ ಅಗೋಲಾ ಅಂಗಡಿ ಅಗೋಲಾ ಅಂಗಡಿ
ಸಕ್ಕರೆ ಸೋಪು ಬಲೆಯ ದಾರ ಫೋನ್ ಚಾರ್ಜು ಕರೆ ಮಾಡಿ
ದಡದಿಂದ ದೋಣಿಯಲ್ಲಿ ನಾಲ್ಕು ತಾಸು,
ಉಪಗ್ರಹದ ಕಣ್ಣಿಗೆ ಬರೀ ನೀಲಿ ಇರುವಲ್ಲಿ,
ಸರೋವರದ ನಟ್ಟನಡುವೆ.
ನಗು ಬಂತು. ಮೀನಿಗೆ ಸೋಪು ಮಾರುತ್ತಾರೇನೋ!
ಅಳಿಸಿದೆ. ಗುರುವಾರ ಮತ್ತೆ ಬಂತು, ಅಳಿಸಿದೆ.
ಶನಿವಾರ ಖಾತೆಗೇ ಬೀಗ ಜಡಿದೆ,
ಆ ನಾನ್ನೂರರಲ್ಲಿ ಒಬ್ಬರನ್ನೂ ಕರೆಯದೆ.

ಮೂರು ವಾರದ ಮೇಲೆ ಬೇರೆ ಯಾರದೋ ಹೆಸರಲ್ಲಿ
ಒಂದು ಫೋಟೊ. ಅಕ್ಷರವಿಲ್ಲ.
ಬೋಳು ಬಂಡೆ, ಫುಟ್ಬಾಲ್ ಅಂಗಳಕ್ಕಿಂತ ಚಿಕ್ಕದು,
ಅದರ ಮೇಲೆ ಬಸ್ಸಿನೊಳಗೆ ನಿಂತವರಂತೆ
ಒತ್ತೊತ್ತಾಗಿ ತಗಡಿನ ಮನೆಗಳು.
ಒಂದಕ್ಕೆ ನೀಲಿ ಬಾಗಿಲು. ಮೂರು ಗೋಡೆಗೆ ಸುಣ್ಣದಲ್ಲಿ
ಅದೇ ಹೆಸರು, ಮೂರು ಸಲ:
ಮೂಡಣದಿಂದ ಬರುವ ದೋಣಿಗೊಂದು,
ಪಡುವಣದ್ದಕ್ಕೊಂದು,
ಮಂಜಿನಲ್ಲಿ ದಾರಿ ತಪ್ಪಿದ್ದಕ್ಕೊಂದು.
ಬಾಗಿಲಲ್ಲಿ ಹೆಂಗಸು, ಕೈಯಲ್ಲಿ ತಕ್ಕಡಿ, ನಗುತ್ತಿಲ್ಲ.
ಹಿಂದೆ ಒಂದೇ ತಂತಿಗೆ ಹನ್ನೊಂದು ಫೋನು
ಬಾವಲಿಗಳಂತೆ ಜೋತಿವೆ.

ಆ ನಂಬರಿಗೆ ಕರೆ ಮಾಡಿದೆ.
ಗಾಳಿ. ಮೋಟಾರಿನ ಸದ್ದು. ಆಮೇಲೆ ಅವಳು:
ಇದ್ದೀನಿ ಅಂತ ಹೇಳೋಕೆ
ಯಾವ ಅಕ್ಷರದಲ್ಲಿ ಬರೀಬೇಕಿತ್ತು, ಸಣ್ಣದರಲ್ಲಾ?
ಕ್ಷಮೆ ಕೇಳಿದೆ. ನನ್ನ ಕೆಲಸ ಏನು ಅಂದಳು. ಹೇಳಿದೆ.
ಪ್ಯಾರಾಸಿಟಮಾಲಿನ ಸಗಟು ಬೆಲೆ ಕೇಳಿದಳು.

ಕಿಪ್ಲಿಮೊ ಲೆಕ್ಕ ತಿದ್ದಿದ. ನೀರಿಗೆ ಅಂಕವಿಲ್ಲ ಎಂದ.
ಮರುದಿನ ಅದೇ ಸಂದಿನಿಂದ ನುಗ್ಗಿ
ಸರೋವರದ ತುಂಬ ಅರವತ್ತು ಕ್ಯಾಸಿನೊ ತೇಲಿದವು.
ಮತ್ತೆ ಬಿಗಿ ಮಾಡಿದೆವು. ಅಗೋಲಾಗೆ ಮಾತ್ರ
ಕೈಯಾರೆ ಒಂದು ಚುಕ್ಕಿ ಇಟ್ಟೆ.

ಈಗ ಭಾನುವಾರಗಳಲ್ಲಿ
ನಾವು ಎಸೆದದ್ದರ ತಿಪ್ಪೆಗೆ ಇಳಿಯುತ್ತೇನೆ.
ಕೆದರುತ್ತೇನೆ, ಕತ್ತು ಓರೆ ಮಾಡಿ ನೋಡುತ್ತೇನೆ,
ಬೀಗ, ಸಾಲ, ಜೊಳ್ಳು, ಬೀಗ, ಜೊಳ್ಳು,
ಇಡೀ ಮಧ್ಯಾಹ್ನ ಜೊಳ್ಳು.
ಅಜ್ಜೀ, ಕೋಳಿಯ ಕೆಲಸವೂ ಸುಲಭದ್ದಲ್ಲ ಕಣೇ,
ಅದೂ ಕಾಳು ಸಿಕ್ಕರೆ ತಿನ್ನಬಾರದ ಕೋಳಿಗೆ.
ಇವತ್ತು ಏನೂ ಸಿಗಲಿಲ್ಲ.
ಉಗಾಲಿ ಯಾವಾಗಲೋ ಆರಿದೆ.
ಇನ್ನೊಂದು ಪುಟ ನೋಡಿ ಏಳುತ್ತೇನೆ.